ಬಾಯ್ಲರ್ ಕೋಣೆಯ ಬಾಗಿಲು

ಅರಬ್ ದೇಶದ ಮತ್ರಾ ಬಂದರಿನ ಎದುರು, ಹಡಗುಗಳಿಗೆ ಸಾಮಾನು ಪೂರೈಸುವ ಕಚೇರಿಯೊಂದರಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಯಜಮಾನರು ಇಂಗ್ಲೆಂಡಿನವರು, ವಯಸ್ಸಾದವರು. ಒಂದು ದಿನ ಹಳೆಯ ಕಾಗದಗಳ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟರು.

"ನನ್ನ ತಂದೆ ಕ್ಯಾಪ್ಟನ್ ಆಗಿದ್ದ ಹಡಗು. ಇದರ ಸೇವೆಯ ಚರಿತ್ರೆ ಬರೆದುಕೊಡಿ. ವಾರ್ಷಿಕ ಸಮಾರಂಭದಲ್ಲಿ ನಾನೇ ಓದುತ್ತೇನೆ."

ಹಡಗಿನ ಹೆಸರನ್ನು ಎರಡು ಸಲ ಓದಿದೆ. ಮಂಗಳೂರಿನ ನಮ್ಮ ಮನೆಯಲ್ಲಿ ಆ ಹೆಸರು ಒಂದು ಬೈಗುಳವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ಸರಕು ಹೊರುತ್ತಿದ್ದ ಆ ಹಡಗಿನ ಬಾಯ್ಲರಿಗೆ ನನ್ನ ಅಜ್ಜ, ಅಪ್ಪನ ಅಪ್ಪ, ಕಲ್ಲಿದ್ದಲು ಹಾಕುತ್ತಿದ್ದರು. ಮಸೀರಾ ದ್ವೀಪದಾಚೆ ಬಾಯ್ಲರ್ ಕೋಣೆಗೆ ಬೆಂಕಿ ಬಿದ್ದಾಗ, ಮೂವರು ಒಳಗಿದ್ದಂತೆಯೇ ಕ್ಯಾಪ್ಟನ್ ಕಬ್ಬಿಣದ ಬಾಗಿಲು ಹಾಕಿಸಿದ. ಹೊರಗಿದ್ದ ಅಜ್ಜ ಅದನ್ನು ಎಳೆದೆಳೆದು ಎರಡೂ ಅಂಗೈ ಸುಟ್ಟುಕೊಂಡರು. ಮುಷ್ಟಿ ಕಟ್ಟಲಾಗದ ಅವರಿಗೆ ಸಾಯುವವರೆಗೂ ಅಜ್ಜಿಯೇ ಉಣಿಸಿದಳು. ಹೆದರಿ ಓಡಿದವನೆಂದು ಬರೆದು ಅಜ್ಜನನ್ನು ಮನೆಗೆ ಕಳಿಸಿದ್ದರು. ಕ್ಯಾಪ್ಟನ್ನಿಗೆ ಪದಕ ಸಿಕ್ಕಿತು.

ಪೆಟ್ಟಿಗೆಯ ತಳದಲ್ಲಿ ಆತನ ದಿನಚರಿ ಇತ್ತು. ಮಗ ಅದನ್ನು ಬಿಡಿಸಿಯೂ ನೋಡಿರಲಿಲ್ಲವೇನೋ, ಹಾಳೆಗಳು ಅಂಟಿಕೊಂಡಿದ್ದವು. ಬಸ್ರಾಕ್ಕೆ ಹೇಸರಗತ್ತೆ, ಏಡನ್ನಿಗೆ ಮದ್ದುಗುಂಡು, ಯುದ್ಧ ಮುಗಿದ ಮೇಲೆ ಗುಜರಿ, ಎಲ್ಲವನ್ನೂ ನಿಯತ್ತಾಗಿ ಬರೆದೆ. ಮೂರನೇ ಪುಟದಲ್ಲಿ ಆ ದಿನಚರಿಯ ಸಾಲುಗಳನ್ನು ಹಾಗೆಯೇ ಇಳಿಸಿದೆ.

ಪಕ್ಕದ ಮೇಜಿನ ಉಡುಪಿಯ ಅಕ್ಕ ಓದಿ ಹಾಳೆಗಳನ್ನು ಬೋರಲು ಹಾಕಿದರು. "ನಿಂಗೆ ಯಾಕೆ ಮಾರಾಯ್ತಿ ಬೇಡದ ಉಸಾಬರಿ? ಕೆಲಸ ಹೋದ್ರೆ ವೀಸಾವೂ ಖಲಾಸ್."

"ಹೋಗ್ಲಿ ಅಕ್ಕ."

ಯಜಮಾನರು ವೇದಿಕೆ ಹತ್ತುವಾಗಷ್ಟೇ ಹಾಳೆಗಳನ್ನು ಕೈಗಿತ್ತೆ. ನನ್ನನ್ನು ನಂಬಿದ್ದರು, ಮೊದಲು ನೋಡಬೇಕೆಂದು ಕೇಳಲಿಲ್ಲ. ನನ್ನ ಅಮ್ಮನಿಗೆ ಆಪರೇಶನ್ ಆದಾಗ ಕೇಳುವ ಮೊದಲೇ ರಜೆ ಕೊಟ್ಟವರು ಅವರು. ಅದು ನೆನಪಿತ್ತು. ಆದರೂ ಕೊಟ್ಟೆ.

ಮೂರನೇ ಪುಟದಲ್ಲಿ ಅವರ ದನಿ ನಿಧಾನವಾಯಿತು. "ಬಾಗಿಲು ಹಾಕಿಸಿದೆ. ಒಳಗೆ ಮೂವರು. ಬಡಿಯುವ ಸದ್ದು ಇಪ್ಪತ್ತು ನಿಮಿಷ..." ಅಲ್ಲಿಗೆ ನಿಲ್ಲಿಸಿ ಅತಿಥಿಗಳ ನಡುವೆ ನನ್ನನ್ನು ಹುಡುಕಿದರು.

"ಮುಂದೆ ಓದಿ ಸರ್," ಎಂದೆ.

ಓದಿದರು. ಬಾಗಿಲು ಎಳೆದ ಕೂಲಿಯನ್ನು ಓಡಿಹೋದವನೆಂದು ವರದಿ ಮಾಡಿದರೆ ಎಲ್ಲರಿಗೂ ಅನುಕೂಲ ಎಂಬ ಸಾಲನ್ನೂ ಓದಿದರು.

ಮರುದಿನ ಕರೆಸಿದರು. "ಮೊದಲೇ ಹೇಳಬಹುದಿತ್ತು."

"ಹೇಳಿದ್ದರೆ ನೀವು ಓದುತ್ತಿರಲಿಲ್ಲ."

ಕೆಲಸದಿಂದ ತೆಗೆದ ಕಾಗದವನ್ನು ನನ್ನತ್ತ ಸರಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕನಿಕರ ಹುಟ್ಟೀತೆಂದು ನನ್ನೊಳಗೇ ಕಾದೆ. ಹುಟ್ಟಲಿಲ್ಲ.

ಈಗ ಹೊಸ ವೀಸಾದ ಮೇಲೆ ಅದೇ ದೇಶದ ರುಸೈಲಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿದ್ದೇನೆ. ಕೆಲಸ ಹೋದ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ಆ ಪುಟ ಓದಿ ಹೇಳಿದ್ದೆ. ಅಪ್ಪ, "ಇನ್ನೊಮ್ಮೆ ಓದು," ಅಂದರು.