ತಮಟೆ ಕಾಯಿಸುವಷ್ಟು ಹೊತ್ತು

‘ಆ ದರ್ಜಿ ಏನೋ ತಪ್ಪು ಮಾಡಿದ್ದ, ಅದಕ್ಕೇ ಬಾಬಯ್ಯ ನಡುದಾರಿಯಲ್ಲಿ ಅವನ ಕಾಲು ಕಟ್ಟಿದ.’ ಮತ್ತೋಡಿನ ನಮ್ಮ ಬೀದಿಯಲ್ಲಿ ಇಂದಿಗೂ ಹೇಳುವ ಮಾತಿದು. ಮೊನ್ನೆ ಹೊಸದುರ್ಗದ ರಸ್ತೆಬದಿಯಲ್ಲಿ ಯಾರೋ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದರು. ಬಿಸಿಯೇರಿದ ಚರ್ಮದ ವಾಸನೆ ಮೂಗಿಗೆ ಬಡಿಯಿತು. ತಲೆ ತಗ್ಗಿಸಿಕೊಂಡೇ ಆ ರಸ್ತೆ ದಾಟಿದೆ…

ಆ ದರ್ಜಿ ನಮ್ಮ ಪಕ್ಕದ ಮನೆಯವರು. ನಾನು ಭಾಯಿ ಎನ್ನುತ್ತಿದ್ದೆ. ಊರಿನ ಅರ್ಧದಷ್ಟು ಅಂಗಿಗಳು ಅವರು ಹೊಲಿದವು. ಮೊಹರಂನಲ್ಲಿ ಬಾಬಯ್ಯನೆಂದು ಪೂಜಿಸುವ ಪಂಜಾವನ್ನು, ಆ ಲೋಹದ ಹಸ್ತವನ್ನು, ಹೊರುವುದು ಅವರಿಗೆ ತಂದೆಯಿಂದ ಬಂದ ಹಕ್ಕು. ಹೊತ್ತವರು ದಾರಿಯಲ್ಲಿ ನಿಂತರೆ ದೇವರೇ ನಿಂತನೆಂದು ತಿಳಿದು, ಏನು ಅಪಚಾರವಾಯಿತೆಂದು ಕೇಳುವುದು ಊರಿನ ರೂಢಿ.

ಆ ವರ್ಷ ತಮಟೆಯ ಹಿಂದೆ ಪಂಜಾ ಹೊತ್ತು ಕೆರೆಗೆ ಹೊರಟಾಗ, ಸಮತಟ್ಟಾದ ಬಯಲಿನಲ್ಲಿ ಭಾಯಿ ನಿಂತುಬಿಟ್ಟರು. ಅಂಗಾಲು ನೆಲಕ್ಕೆ ಅಂಟಿದಂತಿತ್ತು. ಮೊಣಕಾಲು ಮಾತ್ರ ಸಣ್ಣಗೆ ನಡುಗುತ್ತಿತ್ತು.

“ಏನು ತಪ್ಪಾತಪ್ಪ ದೇವ್ರೇ?” ಎಂದು ಹಿರಿಯರೊಬ್ಬರು ಕೈಮುಗಿದರು.

“ದೇವ್ರಲ್ರಿ, ನನ್ ಕಾಲೇ ಏಳ್ತಿಲ್ಲ,” ಎಂದರು ಭಾಯಿ.

“ದಿನಾ ಮೆಷಿನ್ ತುಳಿಯಾಕೆ ಏಳ್ತಾವೆ, ಇವತ್ತು ಏನಾತು?” ಗುಂಪಿನಲ್ಲೊಬ್ಬ ನಕ್ಕ. “ಯಾರ ಬಟ್ಟೆ ಉಳಿಸ್ಕಂಡಿದೀಯೋ ಒಪ್ಕಂಡ್ ಬಿಡು ಮಾರಾಯ.”

ಪಂಜಾವನ್ನು ಬೇರೊಬ್ಬರು ಇಸಿದುಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಭಾಯಿ ಸರಾಗವಾಗಿ ನಡೆದು ಮನೆಯ ಕಡೆ ಹೋದರು. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮರುದಿನ ಅವರು ಅಂಗಡಿಯ ತುಂಡುಬಟ್ಟೆಗಳನ್ನೆಲ್ಲ ಜಗಲಿಯ ಮೇಲೆ ಹರವಿದರು. “ನಿಮ್ ನಿಮ್ದು ತಗಂಡು ಹೋಗ್ರಿ,” ಎಂದರು. ಅಂಗೈಯಗಲದ ಚೂರುಗಳು. ನಾಚಿಕೆಯಿಲ್ಲದೆ ಕೆಲವರು ಆರಿಸಿಕೊಂಡೂ ಹೋದರು… ಮತ್ತೆಂದೂ ಅವರು ಪಂಜಾ ಮುಟ್ಟಲಿಲ್ಲ. ಮುಂದೆ ಕೈಯೂ ನಡುಗತೊಡಗಿತು. ದುರ್ಗದ ವೈದ್ಯರು ನಡುಕರೋಗವೆಂದರು. ಬೀದಿ ತನ್ನ ಕಥೆಯನ್ನು ತಿದ್ದಿಕೊಳ್ಳಲಿಲ್ಲ.

ಮೆದುಳಿನ ಆಳದ ನರಗಂಟುಗಳಿಂದ ಅದರ ಹೊರಪದರಕ್ಕೆ ಹೋಗುವ ತಂತುಗಳ ನಕ್ಷೆಯನ್ನು ಈಗ ವಿಜ್ಞಾನಿಗಳು ಬಿಡಿಸುತ್ತಿದ್ದಾರೆಂದು ಓದಿದೆ. ನಾವು ಯೋಚಿಸದೆ ಹೆಜ್ಜೆ ಇಡುವುದು ಆ ಆಳದ ನೆರವಿನಿಂದ. ನಡುಕರೋಗದಲ್ಲಿ ಅಲ್ಲಿನ ಸಂಪರ್ಕ ಕೆಟ್ಟವರಿಗೂ, ಲಯವೊಂದು ಕಿವಿಗೆ ಬಿದ್ದರೆ ಬೇರೆ ದಾರಿಯಿಂದ ಕಾಲು ಏಳಬಹುದಂತೆ. ಮೆಷಿನ್ನಿನ ಸದ್ದಿಗೆ ಆಡುತ್ತಿದ್ದ ಕಾಲು ನೆನಪಾಯಿತು. ಆದರೆ ನಕ್ಷೆ ಇನ್ನೂ ಅಪೂರ್ಣ; ಅಚ್ಚಾದದ್ದನ್ನೆಲ್ಲ ನಂಬುವವನೂ ನಾನಲ್ಲ. ಅಂದು ತಮಟೆ ಬಾರಿಸಿದವರನ್ನು ಮಾಡದಕೆರೆಯಲ್ಲಿ ಹುಡುಕಿ ಕೇಳಿದೆ.

“ಮೊದ್ಲು ನಿಂತಿದ್ದು ನಾನು ಕಣ್ರಿ. ತಮಟೆ ಮೆತ್ತಗಾಗಿತ್ತು, ಕಾಯ್ಸಾಕೆ ಹೋದೆ. ತಿರುಗಿ ನೋಡಿದ್ರೆ ಭಾಯಿನೂ ನಿಂತಿದ್ರು. ಮತ್ತೆ ಬಾರಿಸ್ದೆ, ನಡಕಂಡು ಹೋದ್ರು. ಅಷ್ಟ್ರಾಗೆ ಪಂಜಾ ಕಸ್ಕಂಡಿದ್ರಲ್ಲ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು?”

ಅಂದಿನ ಗುಂಪಿನಲ್ಲಿ ನಾನೂ ಇದ್ದೆ.

ಈ ಮಾತನ್ನು ಒಯ್ದು ಮುಟ್ಟಿಸೋಣವೆಂದರೆ ಭಾಯಿ ಈಗ ಬದುಕಿಲ್ಲ. ತಮಟೆಯವರಿದ್ದಾರೆ, ಕಿವಿ ಮಂದ, ನೆನಪು ಸ್ಪಷ್ಟ. ಮಾಡದಕೆರೆಗೆ ಬಸ್ಸಿದೆ. ಆ ಕಥೆಯನ್ನು ಇನ್ನೂ ಹೇಳುವವರು ಹೋಗಿ ಕೇಳಬಹುದು.