ಫೋನ್ ಅಕ್ಕನ ಅರ್ಧ ಸೊನ್ನೆಗಳು

ನಮ್ಮ ಆಫೀಸಿನಲ್ಲಿ ಫೋನ್ ಎತ್ತುವವರು ಒಬ್ಬರೇ. ಐವತ್ತಮೂರು ವರ್ಷ, ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿ ನೋಯದಿರಲೆಂದು ಹಳೆಯ ಬಟ್ಟೆ ಸುತ್ತಿ ತಾವೇ ಹೊಲಿದುಕೊಂಡ ಹೆಡ್‌ಫೋನು. ಎಲ್ಲರಿಗೂ ಅವರು ಫೋನ್ ಅಕ್ಕ. ಉಳಿದ ಹನ್ನೊಂದು ಜನ ಸೇರಿ ನಾವು ಮಾಡುವುದು ಮಕ್ಕಳ ಕ್ಲಿನಿಕ್‌ಗಳ ಸಾಫ್ಟ್‌ವೇರ್. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಡಾಕ್ಟರ ಸಮಯ ಬುಕ್ ಮಾಡಬಹುದು. ಅದು ಕೈಕೊಟ್ಟ ದಿನ ಜನ ಸಿಟ್ಟು ತೀರಿಸಿಕೊಳ್ಳುವುದು ಅಕ್ಕನ ಕಿವಿಯ ಮೇಲೆ.

ಅಕ್ಕನ ಬದುಕೆಲ್ಲ ಬೇರೆಯವರ ಮಾತು ಕೇಳುವುದರಲ್ಲೇ ಕಳೆದಿದೆ. ಹತ್ತೊಂಬತ್ತಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಚುಚ್ಚಿ ಊರಿಂದೂರಿಗೆ ಮಾತು ದಾಟಿಸಿದರು. ಅದು ಮುಚ್ಚಿದ ಮೇಲೆ ಆಸ್ಪತ್ರೆಯೊಂದರ ವಿಚಾರಣೆ ಕಿಟಕಿಯಲ್ಲಿ ಹದಿನೈದು ವರ್ಷ. ಮನೆಯಲ್ಲಿರುವುದು ಅವರು ಮತ್ತು ಅವರ ತಂಗಿ. ತಂಗಿಗೆ ಚಿಕ್ಕಂದಿನಿಂದ ಕಿವಿ ಮಂದ. ಕೇಳಿಸದಿದ್ದರೂ ಸಂಕೋಚಕ್ಕೆ ಹೂಂ ಎಂದು ತಲೆ ಆಡಿಸುವ ಅಭ್ಯಾಸ. "ಅವಳನ್ನ ಸಾಕಿ ಕಲಿತಿದ್ದು ಇದು ಒಂದೇ ಕಣಮ್ಮ," ಎಂದಿದ್ದರು ಒಮ್ಮೆ. "ತಲೆ ಆಡಿಸಿದ್ರು ಅಂದ್ರೆ ಕೇಳಿಸ್ತು ಅಂತ ಅಲ್ಲ. ಮತ್ತೆ ಕೇಳಬೇಕು."

ಅದಕ್ಕೇ ಅವರ ಮೇಜಿನ ಮೇಲೆ ಗೆರೆ ಹಾಕಿದ ನೋಟ್‌ಬುಕ್ಕು. ಕರೆಗೊಂದು ಸಾಲು, ಕರೆ ಮಾಡಿದವರು ಆಡಿದ ಮಾತು ಇದ್ದ ಹಾಗೇ. ಅಂಚಿನಲ್ಲಿ ಒಂದು ಅರ್ಧ ಸೊನ್ನೆ. ಮರುದಿನ ಅಕ್ಕನೇ ಅವರಿಗೆ ಫೋನ್ ಹಚ್ಚಿ ಕೇಳುತ್ತಾರೆ, "ನಿನ್ನೆ ಹೇಳಿದ್ರಲ್ಲ, ಆ ಕೆಲಸ ಆಯ್ತಾ?" ಆಯ್ತು ಎಂದರೆ ಮಾತ್ರ ಸೊನ್ನೆ ಪೂರ್ತಿಯಾಗುತ್ತದೆ. ಕಂಪ್ಯೂಟರಿನಲ್ಲಾದರೋ ಫೋನ್ ಇಟ್ಟ ಕ್ಷಣವೇ ಆ ಕರೆ ಮುಗಿದ ಲೆಕ್ಕ.

ಈಗ ನಮ್ಮ ತಂಡದ ಮುಖ್ಯಸ್ಥರ ವಿಷಯ. ಒಳ್ಳೆಯ ಮನುಷ್ಯ, ಆದರೆ ಮಳೆ ಬರುತ್ತಾ ಸರ್ ಎಂದರೂ "ಶೇಕಡಾ ಎಪ್ಪತ್ತು" ಎನ್ನುತ್ತಾರೆ. ಬೆನ್ನ ಹಿಂದೆ ಅವರ ಹೆಸರು ಶೇಕಡಾ ಸರ್. ಮುಂದಿನ ವರ್ಷ ನಮ್ಮ ಕೆಲಸವನ್ನು ಯಾವ ಅಳತೆಯಿಂದ ಅಳೆಯಬೇಕೆಂದು ಗುರುವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅವರ ಮನಸ್ಸಿನಲ್ಲಿದ್ದವು ಮೂರು: ವಾರಕ್ಕೆ ಎಷ್ಟು ಬುಕಿಂಗ್ ಆಯಿತು, ಎಷ್ಟು ಹೊಸ ಸೌಲಭ್ಯ ಸೇರಿಸಿದೆವು, ಗಂಟೆಗೆ ಎಷ್ಟು ಕರೆ ಮುಗಿಸಿದೆವು. ಕೊನೆಯದರಲ್ಲಿ ಅಕ್ಕನ ಸಂಖ್ಯೆ ಆರು. ಅವರ ಬದಲು ಇಡಬಹುದಾದ, ಧ್ವನಿ ಮುದ್ರಿಸಿಟ್ಟ ಯಂತ್ರಕ್ಕೆ ಅರವತ್ತು. ಆ ಅಳತೆ ಖಾಯಂ ಆದರೆ ತಿಂಗಳ ಕೊನೆಗೆ ಕಿಟಕಿ ಪಕ್ಕದ ಅಕ್ಕನ ಕುರ್ಚಿ ಖಾಲಿ. ಇದು ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೂ.

ಸಭೆಗೆ ಅಳತೆಗಳ ಹಾಳೆ ಸಿದ್ಧಪಡಿಸುವ ಕೆಲಸ ನನ್ನ ತಲೆಗೆ ಬಂತು. ಬಾಣಂತನದ ರಜೆ ಮುಗಿಸಿ ಬಂದು ಮೂರು ತಿಂಗಳಾಗಿತ್ತಷ್ಟೆ. ಹೊಸದಾಗಿ ಮಾಡಿದ್ದನ್ನೆಲ್ಲ ಜನರ ಕೈಗೆ ಹೋಗುವ ಮೊದಲು ಪರೀಕ್ಷಿಸುವುದು ನನ್ನ ಕೆಲಸ. "ತಲೆ ಕೆಡಿಸ್ಕೋಬೇಡಿ," ಎಂದರು ಶೇಕಡಾ ಸರ್. "ನಕ್ಷೆಯಲ್ಲಿ ಬುಕಿಂಗ್ ಗೆರೆ ನೋಡಿ, ಬುಕ್ ಮಾಡೋ ಹೊಸ ಪುಟ ಬಂದು ಮೂರು ವಾರಕ್ಕೆ ಶೇಕಡಾ ಮೂವತ್ತೆಂಟು ಮೇಲೆ. ಅದನ್ನ ಮೊದಲು ಹಾಕಿ." ಆ ಗೆರೆಗೆ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆವು.

ಮಂಗಳವಾರ ಬೆಳಗ್ಗೆ ಮಗಳಿಗೆ ಚುಚ್ಚುಮದ್ದು ಹಾಕಿಸಬೇಕಿತ್ತು. ಸಮಯ ಬುಕ್ ಮಾಡಿದ್ದು ನಮ್ಮತ್ತೆ, ತಮ್ಮ ಪುಟ್ಟ ಫೋನಿನಲ್ಲಿ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತ ಹುಡುಗಿ ಪರದೆ ನೋಡಿ ನಕ್ಕಳು.

"ನಿಮ್ಮ ಮಗು ಇವತ್ತು ನಾಲ್ಕು ಸಲ ಇದೆ ಮೇಡಂ. ಹತ್ತು, ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು."

ನಾನು ಅತ್ತೆಯ ಮುಖ ನೋಡಿದೆ.

"ನನ್ನ ಯಾಕೆ ನೋಡ್ತೀಯ? ಒತ್ತಿದೆ, ಏನೂ ಹೇಳಲಿಲ್ಲ. ಮತ್ತೆ ಒತ್ತಿದೆ. ನಿಮ್ಮ ಯಂತ್ರಕ್ಕೂ ನಿನ್ನ ಗಂಡನಿಗೂ ಒಂದೇ ಗುಣ. ಕೇಳಿಸಿದ್ರೂ ಹೂಂ ಅನ್ನಲ್ಲ."

ಅವರ ಫೋನ್ ಈಸಿಕೊಂಡು ಹೊಸ ಪುಟ ತೆರೆದೆ. "ಬುಕ್ ಆಯಿತು" ಎಂಬ ಸಾಲು ಇತ್ತು, ಪರದೆಯ ಅಂಚಿನಿಂದ ಕೆಳಗೆ. ಬೆರಳಿನಿಂದ ಮೇಲಕ್ಕೆ ಸರಿಸಿದರಷ್ಟೇ ಕಾಣುವಂತೆ. ಕಾಣದವರು ಮತ್ತೆ ಒತ್ತುತ್ತಾರೆ, ಒತ್ತಿದಷ್ಟು ಸಲವೂ ಮುಂದಿನ ಖಾಲಿ ಸಮಯ ಅವರ ಹೆಸರಿಗೆ ಬೀಳುತ್ತದೆ.

"ದಿನಾ ಇದೇ ಕಥೆ," ಎಂದಳು ಹುಡುಗಿ. "ಪಟ್ಟಿ ತುಂಬಿರುತ್ತೆ, ಒಳಗೆ ಡಾಕ್ಟರು ಖಾಲಿ ಕೂತಿರ್ತಾರೆ. ಜಾಗ ಇಲ್ಲ ಅಂತ ನಾವು ಜನರನ್ನ ವಾಪಸ್ ಕಳಿಸ್ತೀವಿ." ಬಾಗಿಲ ಬಳಿ ಕೆಮ್ಮುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬಾಕೆ ನಿಂತಿದ್ದಳು. ನಿನ್ನೆಯೂ ಬಂದು ಹೋದವಳಂತೆ. ನಮ್ಮ ಉಳಿದ ಮೂರರಲ್ಲಿ ಒಂದು ಸಮಯವನ್ನು ಅವಳಿಗೆ ಕೊಡಿಸಿದೆ. ಸೂಜಿ ಚುಚ್ಚಿಸಿಕೊಂಡು ಮಗಳು ಸೂರು ಹಾರಿಹೋಗುವಂತೆ ಅತ್ತಳು. ಅವಳ ಬೆನ್ನು ಸವರುತ್ತಿದ್ದರೂ ನನ್ನ ತಲೆಯೊಳಗೆ ಓಡುತ್ತಿದ್ದುದು ಒಂದೇ: ಆ ಶೇಕಡಾ ಮೂವತ್ತೆಂಟು ಬಂದದ್ದು ಎಲ್ಲಿಂದ? ಮಗುವನ್ನು ಅತ್ತೆಯ ಕೈಗೆ ಕೊಟ್ಟು ನೇರ ಆಫೀಸಿಗೆ ಓಡಿದೆ.

ಅಕ್ಕನಿಗೆ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ.

"ಗೊತ್ತಿತ್ತಾ ಅಕ್ಕ? ಮತ್ತೆ ಯಾಕೆ ಹೇಳಲಿಲ್ಲ?"

"ನಿಮ್ಮವರಿಗೇ ಇಪ್ಪತ್ತೆರಡು ಸಲ ದೂರು ಬರೆದು ಕಳಿಸಿದೆ. 'ಬುಕಿಂಗ್ ಸರಿಯಾಗಿಯೇ ಆಗಿದೆ' ಅಂತ ಪ್ರತಿ ಸಲ ಮುಚ್ಚಿದ್ರು." ಕನ್ನಡಕದ ಮೇಲಿಂದ ನೋಡಿದರು. "ಎರಡು ಸಲ ಮುಚ್ಚಿದ್ದು ನೀನೇ."

ಆ ದೂರುಗಳನ್ನು ತೆಗೆದು ನೋಡಿದೆ. ನಾನೇ. ನನ್ನ ಮೇಜಿನ ಮೇಲಿರುವುದು ಅಂಗೈಗಿಂತ ದೊಡ್ಡ ಪರದೆಯ ಫೋನು. ಅದರಲ್ಲಿ ಆ ಸಾಲು ಚೆನ್ನಾಗಿ ಕಾಣುತ್ತಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ಆಮೇಲೆ ಬೇಜಾರು ಮಾಡ್ಕೋ. ಈಗ ಬಾ, ನಾನು ಓದ್ತೀನಿ, ನೀನು ಬರ್ಕೋ."

ಬುಧವಾರವಿಡೀ ಇಬ್ಬರೂ ಅದೇ ಕೆಲಸ. ಅಕ್ಕ ನೋಟ್‌ಬುಕ್ಕಿನ ಸಾಲುಗಳನ್ನು ಬೆರಳಿಟ್ಟು ಓದಿದರು, ನಾನು ಟೈಪ್ ಮಾಡಿದೆ. ಮೂರು ವಾರಕ್ಕೆ ಇನ್ನೂರ ಹನ್ನೆರಡು ಕರೆ. ಅದರಲ್ಲಿ ನೂರ ಮೂವತ್ತೊಂದು ಜನ ಕೇಳಿದ್ದು "ಬುಕ್ ಆಯ್ತೋ ಇಲ್ವೋ". ಬಹುಪಾಲು ಸೊನ್ನೆಗಳು ಅರ್ಧಕ್ಕೇ ನಿಂತಿದ್ದವು. ಆಮೇಲೆ ಕಂಪ್ಯೂಟರಿನ ಲೆಕ್ಕಕ್ಕೆ ಇಳಿದೆ. ಮೊದಲು ವಾರಕ್ಕೆ ಸಾವಿರ ಬುಕಿಂಗ್, ಈಗ ಸಾವಿರದ ಮುನ್ನೂರ ಎಂಬತ್ತು. ಒಂದೇ ಮಗುವಿನ ಹೆಸರಿಗೆ ಎರಡು ನಿಮಿಷದೊಳಗೆ ಮತ್ತೆ ಮತ್ತೆ ಬಿದ್ದದ್ದನ್ನು ತೆಗೆದೆ. ಉಳಿದದ್ದು ಒಂಬೈನೂರ ಅರವತ್ತು. ನಾವು ಚಪ್ಪಾಳೆ ತಟ್ಟಿದ ಗೆರೆ ಏರಿಯೇ ಇರಲಿಲ್ಲ, ಇಳಿದಿತ್ತು. ಗುಟ್ಟು ಸಿಕ್ಕಿಬಿತ್ತು ಎಂಬ ಖುಷಿಗೆ ಅಕ್ಕನ ಹೆಗಲು ಹಿಡಿದು ಅಲ್ಲಾಡಿಸಿಬಿಟ್ಟೆ. "ಬಿಡೇ, ಕನ್ನಡಕ ಬೀಳುತ್ತೆ," ಎಂದರು.

ಗುರುವಾರ ಸಭೆಯಲ್ಲಿ ಹಾಳೆ ಮುಂದಿಟ್ಟೆ. ನನ್ನ ಮೂರು ಅಳತೆಗಳೇ ಬೇರೆಯಾಗಿದ್ದವು. ಮೊದಲ ಸಲಕ್ಕೇ ಎಷ್ಟು ಜನರಿಗೆ ಸಮಯ ಸಿಕ್ಕಿತು. ಅದೇ ವಿಷಯಕ್ಕೆ ಎಷ್ಟು ಜನ ಮತ್ತೆ ಕರೆ ಮಾಡಬೇಕಾಯಿತು. ಸಮಯ ಪಡೆದ ಮಕ್ಕಳಲ್ಲಿ ಎಷ್ಟು ಮಕ್ಕಳನ್ನು ಆ ದಿನ ಡಾಕ್ಟರು ನೋಡಿದರು.

ಶೇಕಡಾ ಸರ್ ಹಾಳೆ ಮಗುಚಿಟ್ಟರು. "ಅಕ್ಕನ ಮೇಲೆ ಪ್ರೀತಿ ಅಂತ ಅಳತೆ ಬದಲಾಯಿಸೋಕಾಗುತ್ತೇನ್ರಿ?"

"ಪ್ರೀತಿ ಪಕ್ಕಕ್ಕಿಡಿ ಸರ್. ಹಾಳೆಯ ಹಿಂಬದಿಯ ಸಂಖ್ಯೆ ನೋಡಿ."

ನೋಡಿದರು. ತಾವೇ ಒಮ್ಮೆ ಕೂಡಿ ಕಳೆದರು. ಸ್ವರ ತಗ್ಗಿತು. "ಸರಿ. ಆದ್ರೆ ಕೆಲಸ ಆಯ್ತೋ ಇಲ್ವೋ ಅನ್ನೋದನ್ನ ತಿಳಿಯೋದು ಹೇಗೆ? ಎಲ್ಲರಿಗೂ ಫೋನ್ ಮಾಡ್ತೀರಾ?"

ಬಾಗಿಲ ಬಳಿ ನಿಂತಿದ್ದ ಅಕ್ಕ ಹೇಳಿದರು, "ಎಲ್ಲರಿಗೂ ಯಾಕೆ ಸರ್, ದಿನಕ್ಕೆ ಇಪ್ಪತ್ತು ಜನಕ್ಕೆ ಮಾಡಿದ್ರೆ ಸಾಕು."

"ಒಂದು ಈಗ ಮಾಡಿ, ನೋಡೋಣ."

ಅಕ್ಕ ನೋಟ್‌ಬುಕ್ಕಿನಿಂದ ಒಂದು ಅರ್ಧ ಸೊನ್ನೆ ಆರಿಸಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮಧ್ಯೆ ಇಟ್ಟರು. ಆ ಕಡೆ ಹೊಲಿಗೆ ಯಂತ್ರದ ಸದ್ದು, ಆಮೇಲೆ ಗಂಡಸಿನ ದನಿ. ದರ್ಜಿ.

"ನಮಸ್ಕಾರಪ್ಪ. ಹೋದ ವಾರ ಮಗನಿಗೆ ಬುಕ್ ಆಗ್ಲಿಲ್ಲ ಅಂದಿದ್ರಲ್ಲ, ಆಯ್ತಾ?"

"ಓ, ನೀವಾ? ಅದನ್ನ ಬಿಟ್ಟೇಬಿಟ್ಟೆ ಅಮ್ಮ. ಈಗ ಅಂಗಡಿ ಮುಚ್ಚಿ, ಬೆಳಗ್ಗೆ ಏಳಕ್ಕೇ ಹೋಗಿ ಬಾಗಿಲಲ್ಲಿ ನಿಲ್ತೀನಿ. ಅದೇ ಸುಲಭ."

ನಾನು ಪರದೆಯಲ್ಲಿ ಅವರ ದಾಖಲೆ ತೆರೆದು ತೋರಿಸಿದೆ. ನಮ್ಮ ಲೆಕ್ಕದಲ್ಲಿ ಆ ದರ್ಜಿ ಮೂರು ಯಶಸ್ವಿ ಬುಕಿಂಗು, ನಾಲ್ಕೇ ನಿಮಿಷದಲ್ಲಿ ಮುಗಿದ ಒಂದು ಕರೆ. ಶೇಕಡಾ ಸರ್ ಎದ್ದು ಬೋರ್ಡಿನ ಮೇಲಿನ ತಮ್ಮ ಮೂರೂ ಸಾಲು ಒರೆಸಿ, ನನ್ನ ಹಾಳೆ ನೋಡಿಕೊಂಡು ಹೊಸ ಮೂರನ್ನು ಬರೆದರು.

"ಮೇಲಿನವರಿಗೆ ಏನು ಹೇಳಲಿ? ಪುಟ ಸರಿ ಮಾಡಿದ್ರೆ ಗೆರೆ ಧಡಕ್ಕನೆ ಬೀಳುತ್ತೆ."

"ಬೀಳ್ಲಿ ಸರ್."

"ಶೇಕಡಾ ಎಷ್ಟು?"

"ಮೂವತ್ತು."

ಹಣೆ ಉಜ್ಜಿಕೊಂಡರು. "ಹೇಳ್ತೀನಿ. ಬೈಸ್ಕೋತೀನಿ, ಇನ್ನೇನು."

"ಮತ್ತೆ ಅಕ್ಕನ ಕುರ್ಚಿ?" ಕೇಳಿಯೇಬಿಟ್ಟೆ.

"ಕುರ್ಚಿ ಎಲ್ಲಿಗೂ ಹೋಗಲ್ಲ. ಮೂಲೆಯಲ್ಲಿ ಯಾಕೆ, ನಮ್ಮ ಮಧ್ಯಕ್ಕೆ ತನ್ನಿ. ಕರೆ ಬಂದ್ರೆ ನಮಗೂ ಕೇಳಿಸ್ಲಿ."

ಅಕ್ಕ ನೋಟ್‌ಬುಕ್ ಕಂಕುಳಿಗೆ ಸಿಕ್ಕಿಸಿಕೊಂಡರು. "ನಾನು ಕಿಟಕಿ ಬಿಟ್ಟು ಬರಲ್ಲ ಸರ್. ಬೇಕಾದ್ರೆ ನೀವೇ ಈ ಕಡೆ ಬನ್ನಿ."

ಹನ್ನೊಂದು ಜನ ಸೇರಿ, ವೈರು ಸಿಕ್ಕಾಗಿಸಿಕೊಂಡು, ಒಬ್ಬರ ಕಾಲ ಮೇಲೊಬ್ಬರು ಮೇಜು ಇಟ್ಟುಕೊಂಡು ಕಿಟಕಿಯ ಹತ್ತಿರ ಸರಿದೆವು. ಆ ಮಧ್ಯಾಹ್ನದಿಂದ ನಾನು ಪರೀಕ್ಷೆ ಮಾಡುವುದು ಅತ್ತೆಯ ಫೋನಿನಂಥದ್ದೇ ಪುಟ್ಟ ಫೋನಿನಲ್ಲಿ.

ಸೋಮವಾರ "ಬುಕ್ ಆಯಿತು" ಪರದೆಯ ನೆತ್ತಿಗೆ ಬಂತು. ಮುಂದಿನ ವಾರ ಗೆರೆ ಬಿತ್ತು, ಶೇಕಡಾ ಇಪ್ಪತ್ತೊಂಬತ್ತು. ಮೊದಲ ಸಲಕ್ಕೇ ಸಮಯ ಸಿಕ್ಕವರು ನೂರಕ್ಕೆ ತೊಂಬತ್ತಮೂರು. ಬಿದ್ದ ಗೆರೆಗೆ ಮೊದಲು ಚಪ್ಪಾಳೆ ತಟ್ಟಿದವರು ಶೇಕಡಾ ಸರ್.

ನಿನ್ನೆ ಅಕ್ಕ ಆಫೀಸಿನಲ್ಲಿ ನನ್ನ ಎದುರೇ, ಎಲ್ಲರಿಗೂ ಕೇಳುವಂತೆ, ನಮ್ಮ ಮನೆಗೇ ಫೋನ್ ಹಚ್ಚಿದರು. ಅತ್ತೆಯ ಹೆಸರಲ್ಲೂ ಒಂದು ಅರ್ಧ ಸೊನ್ನೆ ಬರೆದಿಡಿ ಎಂದು ನಾನೇ ಹೇಳಿದ್ದೆ.

"ಅಮ್ಮ, ಮೊಮ್ಮಗಳಿಗೆ ಬುಕ್ ಮಾಡೋದು ಈಗ ಸರಿಯಾಯ್ತಾ?"

"ಆಯ್ತಮ್ಮ. ಒಂದೇ ಸಲ ಒತ್ತಿದೆ, ತಕ್ಷಣ ಹೂಂ ಅಂತು," ಎಂದರು ಅತ್ತೆ. "ಆದ್ರೆ ಅಕ್ಷರ ನೋಡಿದ್ರೆ ಇರುವೆ ಸಾಲು ಇದ್ದಂಗಿದೆ. ಕನ್ನಡಕ ಹಾಕ್ಕೊಂಡ್ರೂ ಕಾಣಲ್ಲ. ನಮ್ಮ ಸೊಸೆಗೆ ಹೇಳಿದ್ರೆ ತಲೆ ಆಡಿಸ್ತಾಳೆ, ಅಷ್ಟೆ."

ಅಕ್ಕ ನನ್ನ ಕಡೆ ಒಂದು ನೋಟ ಬೀರಿ, ಆ ಸೊನ್ನೆ ಪೂರ್ತಿ ಮಾಡಿ, ಕೆಳಗಿನ ಸಾಲಿನಲ್ಲಿ ಇನ್ನೊಂದು ಅರ್ಧ ಬರೆದರು.