ಬೂದೆಮ್ಮ ಹೂಡಿದ ಎರಡನೇ ಒಲೆ

ರಾಯಚೂರು ಕಡೆಯ ಜಾಲಹಳ್ಳಿಯಲ್ಲಿ ಬೂದೆಮ್ಮನ ಬಾಯಿಗೆ ಹೆದರದವರಿಲ್ಲ. ಮೈದುನರು ಒಬ್ಬೊಬ್ಬರಾಗಿ ಬೇರೆ ಒಲೆ ಹೂಡಿ, ಕೊನೆಗೆ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುವ ಹಾಗಾದದ್ದನ್ನು ಕಂಡವಳು ಅವಳು. ಅದಕ್ಕೇ ಮಗ ಅಂಬಣ್ಣನ ಮದುವೆಯ ದಿನವೇ ಸೊಸೆ ಉಮಾದೇವಿಗೆ ಹೇಳಿಬಿಟ್ಟಿದ್ದಳು: "ನಾ ಇರೂತನಾ ಈ ಮನ್ಯಾಗ ಒಂದ ಒಲಿ. ತಿಳೀತಿಲ್ಲೋ?" ಪಾಪ, ಹೊಸ ಮದುಮಗಳು ತಲೆಯಾಡಿಸದೆ ಏನು ಮಾಡಿಯಾಳು?

ಆ ಒಂದೇ ಒಲೆ ಈ ಜನವರಿಯಲ್ಲಿ ಕುತ್ತಿಗೆಗೆ ಬಂತು. ಉದ್ಯೋಗ ಖಾತ್ರಿಯಲ್ಲಿ ಒಂದು ಸಂಸಾರಕ್ಕೆ ವರ್ಷಕ್ಕೆ ನೂರು ದಿನದ ಕೂಲಿ. ಅತ್ತೆ, ಮಗ, ಸೊಸೆ ಮೂವರೂ ಒಂದೇ ಕಾರ್ಡಿನಲ್ಲಿ ಕೆರೆಯ ಹೂಳು ಹೊತ್ತರೆ ನೂರು ದಿನ ಎಷ್ಟು ಹೊತ್ತಿನ ಮಾತು? ಬೇಸಿಗೆಯಲ್ಲೇ ಮುಗಿದಿತ್ತು. ಈಗ ಹತ್ತಿ ಬಿಡಿಸುವ ಕೆಲಸವೂ ಮುಗಿಯಿತು. ಬೆಂಗಳೂರಿಗೆ ಗುಳೆ ಕರೆದೊಯ್ಯುವ ಮೇಸ್ತ್ರಿ ಸೋಮವಾರ ಗಾಡಿ ತರುತ್ತೇನೆಂದು ಹೇಳಿ ಹೋಗಿದ್ದ. ಕೂಲಿಯವರಿಗೆಲ್ಲ ಅಡುಗೆ ಮಾಡಲು ಮೊಮ್ಮಗಳು ಶಶಿಕಲಾನೂ ಬರಬೇಕೆಂಬುದು ಆ ಪುಣ್ಯಾತ್ಮನ ಕರಾರು. ಹುಡುಗಿ ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಪರೀಕ್ಷೆ. ಬೇರೆ ದಾರಿ ಕಾಣದೆ ಅಂಬಣ್ಣ ಹೂಂ ಅಂದಿದ್ದ.

ಕೂಲಿಯವರಿಗೆ ಪಂಚಾಯ್ತಿ ಕೆಲಸ ಹಚ್ಚಿಕೊಡುವ ಚನ್ನಮಲ್ಲಮ್ಮ ಬಂದು ಕಟ್ಟೆಯ ಮೇಲೆ ಕೂತಳು.

"ಯವ್ವಾ, ಅಂಬಣ್ಣ ಬ್ಯಾರೆ ಒಲಿ ಹೂಡಿದ್ರ ಬ್ಯಾರೆ ಸಂಸಾರ ಆಗ್ತದ. ಬ್ಯಾರೆ ಕಾರ್ಡು, ಬ್ಯಾರೆ ನೂರು ದಿನ. ಪರೀಕ್ಷಾ ದಾಟಸಾಕ ಸಾಕು."

ಬೂದೆಮ್ಮ ಸಿಡಿದೆದ್ದಳು. "ಯಾರು ಹೇಳಿಕೊಟ್ರು ನಿನಗ, ನನ್ನ ಸೊಸಿಯೇನು? ಮನಿ ಒಡ್ಯಾಕ ಬಂದಿಯೇನ್ಬೇ?"

ಚನ್ನಮಲ್ಲಮ್ಮ ಎದ್ದು ಹೋದಳು. ಒಳಗೆ ಎಲ್ಲ ಕೇಳಿಸಿಕೊಂಡ ಉಮಾದೇವಿ ಪಾತ್ರೆ ತೊಳೆಯಲು ಕೂತಳು.

ಸಂಜೆ ಗಂಟು ಕಟ್ಟುವಾಗ ಶಶಿಕಲಾ ಪುಸ್ತಕಗಳನ್ನು ಪಾತ್ರೆಗಳ ನಡುವೆ ತುರುಕುತ್ತಿದ್ದಳು. "ಅವನ್ನ ಒಯ್ಯಬ್ಯಾಡವಾ," ಎಂದ ಅಂಬಣ್ಣ. "ಏಳನೇ ಕ್ಲಾಸಿನ್ಯಾಗ ಇದ್ದಾಗ ನಾನೂ ಒಯ್ದಿದ್ದೆ. ಒಮ್ಮಿನೂ ತೆರೀಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬೂದೆಮ್ಮ ತಡೆದುಕೊಳ್ಳುತ್ತಿದ್ದಳೇನೋ. ಅಂದು ಅವನನ್ನು ಶಾಲೆ ಬಿಡಿಸಿ ಗುಳೆಗೆ ಕರೆದೊಯ್ದವಳು ಅವಳೇ. ಸೆರಗು ಸಿಕ್ಕಿಸಿ ಎದ್ದವಳು ಹಿತ್ತಲಿನಿಂದ ಮೂರು ಕಲ್ಲು ಹೊತ್ತು ತಂದು ಪಡಸಾಲೆಯ ಆಚೆ ಮೂಲೆಯಲ್ಲಿ ಇಟ್ಟಳು.

"ಉಮಾ, ಇದು ನಂದು. ದೊಡ್ಡ ಒಲಿ ನಿಂದು. ಮಂದಿಗಿ ತೋರಿಸಾಕಲ್ಲ, ಖರೇನ ಬ್ಯಾರೆ."

"ಅತ್ತಿ, ನಾ ಕೇಳಿಲ್ಲರೀ..." ಸೊಸೆ ಅತ್ತೇಬಿಟ್ಟಳು.

"ಗೊತ್ತದ. ಸುಮ್ನ ಕಡ್ಡಿಪೆಟ್ಟಿಗಿ ಕೊಡು."

ಮರುದಿನ ಬೂದೆಮ್ಮನೇ ಚನ್ನಮಲ್ಲಮ್ಮನ ಮನೆಗೆ ಹೋಗಿ, "ಬಾಯಿ ಜೋರದ ನಂದು, ಮನಸಿಗಿ ಹಚ್ಚಿಕೋಬ್ಯಾಡ," ಎಂದು ಬಂದಳು. ಸೋಮವಾರ ಗಾಡಿ ಬಂದು ಹಾರ್ನ್ ಹೊಡೆದಾಗ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ. "ನಮ್ಮ ಹುಡುಗಿ ಪರೀಕ್ಷಾ ಬರೀತಾಳ. ನೀವು ನಡೀರಿ!"

ಕೆಲವು ದಿನಗಳಲ್ಲಿ ಹೊಸ ಕಾರ್ಡು ಬಂತು. ಗಂಡಹೆಂಡತಿ ಸಲಿಕೆ, ಬುಟ್ಟಿ ಹಿಡಿದು ಕೆರೆಗೆ ಹೋದರು. ಹಳೇ ಕಾರ್ಡಿನಲ್ಲಿ ದಿನ ಉಳಿದಿರದ ಬೂದೆಮ್ಮ ಯಾರದೋ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋದಳು. ಸಂಜೆ ಮೂರು ಕಲ್ಲಿನ ಮುಂದೆ ಕೂತರೆ, ಒಬ್ಬಳಿಗೆ ಎಷ್ಟು ಹಿಟ್ಟು ಕಲಸಬೇಕೆಂಬುದೇ ಕೈಗೆ ತಿಳಿಯದು. ನಾಲ್ವರಿಗಾಗುವಷ್ಟು ರೊಟ್ಟಿ ಬಡಿದು ಮುಗಿಸಿದ್ದಳು. ರೊಟ್ಟಿ ಬುಟ್ಟಿ ಎತ್ತಿಕೊಂಡು ದೊಡ್ಡ ಒಲೆಯ ಕಡೆ ನಡೆದಳು.

"ಉಮಾದೇವಿಯವ್ರ, ಮನ್ಯಾಗ ಅದೀರೇನ್ರೀ? ಬೀಗತಿ ಬಂದೀನಿ."

ಉಮಾದೇವಿಗೆ ನಗು, ಅಳು ಒಟ್ಟಿಗೇ ಬಂದವು. "ಬರ್ರಿ ಬೀಗತ್ಯಾರ, ಕುಂದರ್ರಿ."

ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಶಶಿಕಲಾ ಅಜ್ಜಿಯನ್ನು ಕೇಳಿದಳು: "ಯವ್ವಾ, ಪರೀಕ್ಷಾ ಮುಗಿದ ಮ್ಯಾಲೆ ಒಲಿ ಒಂದ ಮಾಡ್ತಿಯೇನು?"

"ಏ ಹುಚ್ಚಿ, ಮುಂದ ರಾಯಚೂರಾಗ ಕಾಲೇಜು ಓದಬೇಕಲ್ಲ? ನಿನ್ನ ಓದು ಮುಗಿಯೂತನಾ ನಾ ಬೀಗತಿನ. ಪಲ್ಯ ಹಾಕು."